ಜೇನುನೊಣಗಳ ಕ್ಷಯವೂ ನಮ್ಮ ಬೇಸಾಯವೂ



ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯು ಪರೀಕ್ಷೆಯ ಫಲಿತಾಂಶವನ್ನೂ ಕಟ್ಟಡದ ನಿಧಿಯನ್ನೂ ಕುರಿತು ಬರೆಯುವುದು ವಾಡಿಕೆ. ಆ ಎರಡು ಸಂಗತಿಗಳೂ ಈ ಸಂಚಿಕೆಯ ಬೇರೆ ಪುಟಗಳಲ್ಲಿ ವರದಿಯಾಗಿರುವುದರಿಂದ ನಾವು ಇಲ್ಲಿ ಜೇನುನೊಣವನ್ನು ಕುರಿತು ಬರೆಯಲು ತಮ್ಮ ಅಪ್ಪಣೆಯನ್ನು ಬೇಡುತ್ತೇವೆ. ಇದಕ್ಕೆ ಕಾರಣವುಂಟು. ಕಳೆದ ಜನವರಿ ತಿಂಗಳಲ್ಲಿ ನಮ್ಮ ಹಳೆಯ ಕಟ್ಟಡದ ಗಂಟೆಗೋಪುರದ ಸೂರಿನಡಿಯಲ್ಲಿ ಒಂದು ಹೆಜ್ಜೇನು ಕಟ್ಟಿತು. ಅದನ್ನು ರಾತ್ರಿಯಲ್ಲಿ ಸುಡಿಸಿಬಿಡಬೇಕೆಂದು ಕೆಲವು ಪೋಷಕರು ಸಹಿಮಾಡಿದ ಮನವಿಯನ್ನು ನಮ್ಮ ಕೈಗೆ ಕೊಟ್ಟರು. ಮಕ್ಕಳ ಕ್ಷೇಮವನ್ನು ಕೋರಿ ಬರೆದ ಆ ಮನವಿಯಲ್ಲಿ ಅನುಚಿತವಾದ ಮಾತು ಒಂದೂ ಇರಲಿಲ್ಲ. ಆದರೂ ನಾವು ಅದನ್ನು ಸುಡಿಸಲಿಲ್ಲ. ಏಕೆಂಬುದಕ್ಕೆ ಪೋಷಕರ ಸಭೆಯಲ್ಲಿ ನಾವು ಕೊಟ್ಟ ಉತ್ತರವು ಅವಸರದ್ದಾಗಿತ್ತು. ಪೂರ್ಣವಾದ ಉತ್ತರವನ್ನು ಕೊಡಬೇಕಾದ ಸಾಲವು ನಮ್ಮ ಮೇಲಿದೆ. ಅದನ್ನು ಇಲ್ಲಿ ತೀರಿಸುತ್ತೇವೆ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ಯುಕ್ತ. ನಾವು ಈ ಶಾಲೆಯ ಭಾರವನ್ನು ವಹಿಸಿಕೊಂಡ ಮೊದಲನೆಯ ವರ್ಷದಲ್ಲಿ ಅದೇ ಸೂರಿನಲ್ಲಿ ಹೆಜ್ಜೇನು ಕಟ್ಟಿತ್ತು. ಒಬ್ಬ ಹುಡುಗಿಗೆ ಒಂದು ಹುಳ ಕಡಿದು ಕೆನ್ನೆ ಬಾತುಕೊಂಡಿತು. ನಾವು ಹೆದರಿ, ಹಿಂದುಮುಂದು ವಿಚಾರಿಸದೆ, ಅದನ್ನು ಸುಡಲು ಒಪ್ಪಿಗೆ ಕೊಟ್ಟೆವು. ಮರುದಿನ ಬೆಳಿಗ್ಗೆ ಬೋರ್ಡಿಂಗಿನ ಹುಡುಗಿಯರು ಸತ್ತ ಹುಳಗಳನ್ನು ಗುಡಿಸಿ ಗೆರಸೆಗಳಲ್ಲಿ ತುಂಬುತ್ತಿರುವಾಗ, ಕೆನ್ನೆ ಬಾತಿದ್ದ ಆ ಹುಡುಗಿಯೇ ನಮ್ಮ ಬಳಿಗೆ ಬಂದು, “ಟೀಚರ್, ಇವುಗಳಲ್ಲಿ ನನಗೆ ಕಡಿದದ್ದು ಯಾವುದು?” ಎಂದು ಕೇಳಿದಳು. ಜೇನುಹುಳದ ಮುಳ್ಳಿನಲ್ಲಿ ಹಿಮ್ಮುಖವಾದ ಹಲ್ಲುಗಳಿರುವುದರಿಂದ ಅದು ಮನುಷ್ಯನ ಚರ್ಮದಲ್ಲಿ ನಾಟಿಕೊಂಡು ಅಲ್ಲಿಯೇ ಉಳಿಯುತ್ತದೆ. ಕಡಿದ ಹುಳವು ಬದುಕುವುದಿಲ್ಲ. ಎಂದರೆ ಆಕೆಗೆ ಕಡಿದ ಹುಳವು ಹಿಂದಿನ ದಿನವೇ ಸತ್ತಿತ್ತು. ಆ ಗೆರಸೆಗಳಲ್ಲಿ ಇದ್ದವುಗಳೆಲ್ಲ ಕಡಿಯದವುಗಳೇ. ಇಷ್ಟನ್ನು ಆ ಮಗುವಿಗೆ ಹೇಳುವ ಧೈರ್ಯ ಆ ದಿನ ನಮಗೆ ಬರಲಿಲ್ಲ.

ಜೇನೆಂದೊಡನೆ ನಮ್ಮ ಮನಸ್ಸಿಗೆ ತುಪ್ಪವು ಬರುತ್ತದೆ, ಇಲ್ಲವೆ ಮುಳ್ಳು ಬರುತ್ತದೆ. ಈ ಎರಡರ ನಡುವೆ ಅದು ಮಾಡುವ ಮುಖ್ಯವಾದ ಕೆಲಸವು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆ ಕೆಲಸವೇನು, ಅದನ್ನು ಮಾಡುವ ಹುಳಗಳು ಹೇಗೆ ಕಡಿಮೆಯಾದವು, ಅದರಿಂದ ತೋಟಗದ್ದೆಗಳಿಗೆ ಏನಾಗುವುದು ಎಂಬ ಮೂರು ವಿಷಯಗಳನ್ನು ಕ್ರಮವಾಗಿ ವಿವರಿಸುವೆವು.

ನಮ್ಮ ಸೀಮೆಯಲ್ಲಿ ಜೇನುಗಳು ಮುಖ್ಯವಾಗಿ ನಾಲ್ಕು ವಿಧ. ಹೆಜ್ಜೇನು ಎತ್ತರವಾದ ಮರ, ಬಂಡೆ, ಕಟ್ಟಡಗಳಲ್ಲಿ ಬಯಲಿನಲ್ಲಿಯೇ ಒಂದೇ ದೊಡ್ಡ ಎರಿಯನ್ನು ಕಟ್ಟುತ್ತದೆ. ಅದನ್ನು ಪೆಟ್ಟಿಗೆಯಲ್ಲಿ ಸಾಕಲಾಗುವುದಿಲ್ಲ. ಕೋಲುಜೇನು ಪೊದೆಯ ಕಡ್ಡಿಗೆ ಅಂಗೈಯಗಲದ ಒಂದು ಎರಿಯನ್ನು ಕಟ್ಟುತ್ತದೆ. ತುಡುವೆಯು ಮರದ ಪೊಟರೆ, ಹುತ್ತ ಮುಂತಾದ ಕತ್ತಲೆಯ ಸ್ಥಳಗಳಲ್ಲಿ ಒಂದರ ಪಕ್ಕದಲ್ಲಿ ಒಂದರಂತೆ ಹಲವು ಎರಿಗಳನ್ನು ಕಟ್ಟುವುದರಿಂದ ಅದನ್ನು ಪೆಟ್ಟಿಗೆಗೆ ಒಗ್ಗಿಸಬಹುದು. ನಮ್ಮ ಹಿರಿಯರು ಸಾಕಿಕೊಂಡು ಬಂದದ್ದು ಇದನ್ನೇ. ಗೋಡೆಯ ಬಿರುಕಿನಲ್ಲಿ ವಾಸಿಸುವ, ಮುಳ್ಳಿಲ್ಲದ, ಇರುವೆಯಷ್ಟು ಚಿಕ್ಕದಾದ ಮೊಜಂಟಿಯು ನಾಲ್ಕನೆಯದು. ಇವಲ್ಲದೆ ಯುರೋಪಿನ ಜೇನೊಂದು 1960ರ ದಶಕದಲ್ಲಿ ಪಂಜಾಬಿನ ಕಡೆ ನೆಲೆಗೊಳಿಸಲ್ಪಟ್ಟು, ಈಗ ದೇಶದ ಅನೇಕ ಕಡೆಗಳಲ್ಲಿ ಪೆಟ್ಟಿಗೆಗಳಲ್ಲಿ ಸಾಕಲ್ಪಡುತ್ತಿದೆ.

ತುಡುವೆಯ ಒಂದು ಗೂಡಿನಲ್ಲಿ ಒಬ್ಬಳು ರಾಣಿಯೂ, ಕಾಲಕ್ಕೆ ತಕ್ಕಂತೆ ಕೆಲವು ನೂರು ಗಂಡು ನೊಣಗಳೂ, ಸಾವಿರಾರು ಕೆಲಸಗಾರ ನೊಣಗಳೂ ಇರುತ್ತವೆ. ಕೆಲಸಗಾರರೆಲ್ಲರೂ ಹೆಣ್ಣುಗಳೇ. ಅವರ ಕೆಲಸವು ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ಗೂಡನ್ನು ಶುಚಿಮಾಡುವುದು, ಬಳಿಕ ಮರಿಗಳಿಗೆ ಉಣಿಸುವುದು, ಬಳಿಕ ಮೇಣವನ್ನು ಸ್ರವಿಸಿ ಎರಿ ಕಟ್ಟುವುದು, ಬಾಗಿಲು ಕಾಯುವುದು, ಕಟ್ಟಕಡೆಗೆ ಹೂವಿಗೆ ಹೋಗುವುದು. ಶುಚಿಮಾಡುವವಳೇ ಮರಿಗೆ ಉಣಿಸುವವಳೂ ಆಗುತ್ತಾಳೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ರೋಗದ ವಿಷಯವನ್ನು ಹೇಳುವಾಗ ಇದು ಬೇಕಾಗುವುದು. ಹೂವುಳ್ಳ ದಿಕ್ಕನ್ನೂ ದೂರವನ್ನೂ ಒಂದು ನೊಣವು ಎರಿಯ ಮೇಲೆ ಕುಣಿದು ಉಳಿದವುಗಳಿಗೆ ತಿಳಿಸುವುದೆಂಬುದನ್ನು ಕಂಡುಹಿಡಿದ ಕಾರ್ಲ್ ಫಾನ್ ಫ್ರಿಶ್ ಎಂಬ ಪಂಡಿತರಿಗೆ 1973ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಇನ್ನು ಮುಖ್ಯವಾದ ಕೆಲಸದ ವಿಷಯ. ಬಹುತೇಕ ಗಿಡಗಳಲ್ಲಿ ಕಾಯಿ ಕಟ್ಟಬೇಕಾದರೆ ಹೂವಿನ ಕೇಸರದಲ್ಲಿರುವ ಪರಾಗವೆಂಬ ಪುಡಿಯು ಹೂವಿನ ಶಲಾಕೆಯ ತುದಿಗೆ ತಲಪಬೇಕು. ಗಿಡಕ್ಕೆ ಕಾಲಿಲ್ಲವಾದ್ದರಿಂದ ಪುಡಿಯನ್ನು ಒಯ್ಯಲು ಬೇರೊಬ್ಬರು ಬೇಕು. ಕೆಲವು ಗಿಡಗಳಿಗೆ ಗಾಳಿಯೇ ಸಾಕು. ಅನೇಕ ಗಿಡಗಳಿಗೆ ಕೀಟಗಳು ಬೇಕು. ಹೂವಿನ ಬಣ್ಣ, ಪರಿಮಳ, ಮಕರಂದಗಳು ಮನುಷ್ಯನ ಸಂತೋಷಕ್ಕಾಗಿ ಅಲ್ಲ, ಕೀಟಗಳನ್ನು ಕರೆಯುವುದಕ್ಕಾಗಿ ಇರುವುವು ಎಂದು ಜರ್ಮನಿಯ ಕ್ರಿಶ್ಚಿಯನ್ ಕೊನ್ರಾಡ್ ಸ್ಪ್ರೆಂಗೆಲ್ ಎಂಬವರು 1793ರಲ್ಲಿ ಒಂದು ಗ್ರಂಥವನ್ನು ಬರೆದು ತೋರಿಸಿದರು. ಅವರೂ ಒಂದು ಶಾಲೆಯ ಮುಖ್ಯೋಪಾಧ್ಯಾಯರೇ. ಅವರ ಜೀವಮಾನದಲ್ಲಿ ಆ ಗ್ರಂಥವನ್ನು ಗಮನಿಸಿದವರು ವಿರಳ. ಬಹುಕಾಲದ ಮೇಲೆ ಚಾರ್ಲ್ಸ್ ಡಾರ್ವಿನರು ಅದನ್ನು ಮೆಚ್ಚಿ ಲೋಕಕ್ಕೆ ತಿಳಿಸಿದರು.

ಕೀಟಗಳಲ್ಲಿ ಜೇನೇ ಏಕೆ ಶ್ರೇಷ್ಠವೆಂದರೆ, ಅದರ ಮೈಮೇಲೆ ಪರಾಗವು ಅಂಟಿಕೊಳ್ಳುವ ರೋಮಗಳಿವೆ. ಅದು ತನಗಾಗಿ ಮಾತ್ರವಲ್ಲದೆ ಗೂಡಿನ ಮರಿಗಳಿಗಾಗಿಯೂ ಕೂಡಿಡಬೇಕಾದುದರಿಂದ ದಿನವೆಲ್ಲ ಹೂವಿಂದ ಹೂವಿಗೆ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಸಲ ಹೊರಟ ನೊಣವು ಸಾಮಾನ್ಯವಾಗಿ ಒಂದೇ ಜಾತಿಯ ಹೂಗಳನ್ನು ಹುಡುಕಿ ಹೋಗುತ್ತದೆ. ಸೌತೆಯ ಪರಾಗವನ್ನು ಬದನೆಗೆ ಒಯ್ದರೆ ಪ್ರಯೋಜನವೇನು? ಜೇನು ಸೌತೆಯದನ್ನು ಸೌತೆಗೇ ಒಯ್ಯುತ್ತದೆ.

ಇದನ್ನು ನಮ್ಮ ಎಂಟನೆಯ ತರಗತಿಯ ಹುಡುಗಿಯರು ಬೋರ್ಡಿಂಗಿನ ತೋಟದಲ್ಲಿ ತಾವೇ ಪರೀಕ್ಷಿಸಿ ನೋಡಿದರು. ಸಿಹಿಗುಂಬಳದ ಬಳ್ಳಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ; ಹೆಣ್ಣು ಹೂವಿನ ಬುಡದಲ್ಲಿ ಚಿಕ್ಕ ಮಿಡಿಯಿರುತ್ತದೆ. ಅದರ ಪರಾಗವು ಭಾರವಾಗಿಯೂ ಅಂಟಾಗಿಯೂ ಇರುವುದರಿಂದ ಗಾಳಿಯಲ್ಲಿ ಹಾರದು. ಹೂವು ಬೆಳಗಾಗುವಾಗ ಅರಳಿ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುವುದು. ಹುಡುಗಿಯರು ಹಿಂದಿನ ಸಂಜೆಯೇ ಐದು ಹೆಣ್ಣು ಮೊಗ್ಗುಗಳಿಗೆ ತೆಳುವಾದ ಬಟ್ಟೆಯನ್ನು ಕಟ್ಟಿದರು. ಬೇರೆ ಐದನ್ನು ಹಾಗೆಯೇ ಬಿಟ್ಟರು. ಬಟ್ಟೆ ಕಟ್ಟಿದ ಐದು ಮಿಡಿಗಳೂ ಕೆಲವು ದಿನಗಳಲ್ಲಿ ಹಳದಿಯಾಗಿ ಕಳಚಿಬಿದ್ದುವು. ಬಿಟ್ಟ ಐದರಲ್ಲಿ ನಾಲ್ಕು ಬೆಳೆದು ಅಡಿಗೆಮನೆಗೆ ಸೇರಿದುವು. “ನೀರು ಸಾಲದೆ ಮಿಡಿ ಉದುರಿತು” ಎಂದು ನಾವು ಎಷ್ಟೋ ಸಲ ಹೇಳುತ್ತೇವೆ. ಕೆಲವು ಸಲ ಸಾಲದೆ ಹೋದದ್ದು ನೀರಲ್ಲ, ನೊಣ.

ನಮ್ಮ ಹಳೆವಿದ್ಯಾರ್ಥಿನಿಯರಲ್ಲಿ ಅನೇಕರು ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ತೋಟದ ಮನೆಗಳಲ್ಲಿ ಇದ್ದಾರೆ. ಏಲಕ್ಕಿಯ ಹೂವು ಒಂದೇ ದಿನ ಬಾಳುವುದು. ಅದರ ಶಲಾಕೆಯ ತುದಿಯು ಕೇಸರಕ್ಕಿಂತ ಮೇಲಿರುವುದರಿಂದ ಪರಾಗವು ತಾನಾಗಿ ಅಲ್ಲಿಗೆ ಸೇರದು. ಜೇನು ಬಾರದ ದಿನದ ಹೂವು ಆ ದಿನವೇ ವ್ಯರ್ಥ. ಕಾಫಿಯಲ್ಲಿ ಅರೇಬಿಕಾ ಜಾತಿಯು ತನ್ನ ಪರಾಗದಿಂದಲೇ ಕಾಯಿಕಟ್ಟಬಲ್ಲುದು; ರೊಬಸ್ಟಾ ಹಾಗಲ್ಲ, ಅದಕ್ಕೆ ಬೇರೊಂದು ಗಿಡದ ಪರಾಗವು ಬರಲೇಬೇಕು. ಗಾಳಿಯೂ ಸ್ವಲ್ಪ ತರುತ್ತದೆ, ಜೇನೂ ತರುತ್ತದೆ. ಹೂಮಳೆ ಬಿದ್ದು ಎಂಟು ಹತ್ತು ದಿನಗಳಲ್ಲಿ ಬೆಟ್ಟವೆಲ್ಲ ಬೆಳ್ಳಗಾಗಿ, ಎರಡು ಮೂರು ದಿನಗಳಲ್ಲಿ ಆ ಬಿಳುಪು ಹೋಗಿಬಿಡುವುದನ್ನು ತಾವು ನೋಡಿದ್ದೀರಿ. ಆ ಎರಡು ಮೂರು ದಿನಗಳಲ್ಲಿ ಹುಳ ಬಂದರೆ ಬಂತು. ನಾಲ್ಕನೆಯ ದಿನ ಬಂದು ಪ್ರಯೋಜನವಿಲ್ಲ. ಬಯಲುಸೀಮೆಯ ಸೂರ್ಯಕಾಂತಿಯಲ್ಲಿಯೂ ಜೇನು ಕಡಿಮೆಯಾದರೆ ತೆನೆ ದೊಡ್ಡದಾಗಿ ಕಾಣಿಸಿದರೂ ಒಳಗೆ ಜೊಳ್ಳು ಹೆಚ್ಚುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ಉಪಾಧ್ಯಾಯಿನಿಯ ಧರ್ಮಕ್ಕೆ ಲೋಪವಾದೀತು. ಜೇನು ಅಳಿದರೆ ನಾಲ್ಕು ವರ್ಷಗಳಲ್ಲಿ ಮನುಷ್ಯಕುಲವೇ ಅಳಿಯುವುದೆಂದು ಐನ್‌ಸ್ಟೈನರು ಹೇಳಿದರೆಂಬ ವಾಕ್ಯವನ್ನು ಮಕ್ಕಳು ತಮ್ಮ ಪ್ರಬಂಧಗಳಲ್ಲಿ ಬರೆಯುತ್ತಾರೆ. ಅವರು ಹಾಗೆ ಹೇಳಿದ್ದಕ್ಕೆ ಆಧಾರವಿಲ್ಲ, ಮಾತೂ ನಿಜವಲ್ಲ. ಭತ್ತವು ತನ್ನ ಹೂವಿನಲ್ಲಿಯೇ ಕಾಯಿಕಟ್ಟುತ್ತದೆ. ರಾಗಿಯೂ ಗೋದಿಯೂ ಹಾಗೆಯೇ. ಮುಸುಕಿನ ಜೋಳಕ್ಕೆ ಗಾಳಿ ಸಾಕು. ಪ್ರಪಂಚದ 115 ಮುಖ್ಯ ಆಹಾರದ ಬೆಳೆಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟವಾದ ಒಂದು ಲೇಖನದ ಪ್ರಕಾರ ಅವುಗಳಲ್ಲಿ 87 ಬೆಳೆಗಳಿಗೆ ಕೀಟಪಕ್ಷ್ಯಾದಿಗಳ ಸಹಾಯವು ಹೆಚ್ಚಾಗಿಯೋ ಕಡಿಮೆಯಾಗಿಯೋ ಬೇಕು. ಆದರೆ ತೂಕದಲ್ಲಿ ನೋಡಿದರೆ ಆ ಬೆಳೆಗಳಿಂದ ಬರುವುದು ಒಟ್ಟು ಉತ್ಪನ್ನದಲ್ಲಿ ನೂರಕ್ಕೆ 35 ಪಾಲು ಮಾತ್ರ. ಹಾಗಾದರೆ ಜೇನಿಲ್ಲದ ಲೋಕದಲ್ಲಿ ನಾವು ಹಸಿದು ಸಾಯುವುದಿಲ್ಲ. ಅನ್ನವಿರುತ್ತದೆ, ಅನ್ನದ ಪಕ್ಕದಲ್ಲಿ ಬಡಿಸುವ ಪಲ್ಯವೂ ಹಣ್ಣೂ ಕಡಿಮೆಯಾಗುತ್ತವೆ, ತುಟ್ಟಿಯಾಗುತ್ತವೆ. ಮಕ್ಕಳ ರಕ್ತಪುಷ್ಟಿಗೂ ಕಣ್ಣಿಗೂ ಬೇಕಾದ ಸತ್ವಗಳು ಬಹುಮಟ್ಟಿಗೆ ಈ ತರಕಾರಿ ಹಣ್ಣುಗಳಲ್ಲಿರುವುದರಿಂದ ಕಷ್ಟವು ಮೊದಲು ಬಡವರ ತಟ್ಟೆಯಲ್ಲಿ ಕಾಣಿಸುವುದು. ಉತ್ಪ್ರೇಕ್ಷೆ ಮಾಡದೆ ಹೇಳಿದರೂ ನಷ್ಟವು ಚಿಕ್ಕದೇನಲ್ಲ.

ಜೇನಿನ ಕೆಲಸವನ್ನು ನಾವೇ ಕೈಯಿಂದ ಮಾಡಬಹುದಲ್ಲವೇ ಎಂದು ಕೇಳುವವರುಂಟು. ಮಾಡಬಹುದು. ಮೆಕ್ಸಿಕೊ ಕಡೆಯ ವೆನಿಲ್ಲಾ ಬಳ್ಳಿಯನ್ನು ಬೇರೆ ದೇಶಗಳಲ್ಲಿ ನೆಟ್ಟಾಗ ಅಲ್ಲಿ ಅದಕ್ಕೆ ತಕ್ಕ ಕೀಟಗಳಿಲ್ಲದೆ ಕಾಯಿಯೇ ಆಗುತ್ತಿರಲಿಲ್ಲ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಬಾಲಕನು ಒಂದು ಸಣ್ಣ ಕಡ್ಡಿಯಿಂದ ಅದರ ಹೂವಿಗೆ ಪರಾಗವನ್ನು ಸೋಕಿಸುವ ಉಪಾಯವನ್ನು ತೋರಿಸಿದನು. ಇಂದಿಗೂ ಆ ಉಪಾಯವೇ ನಡೆದುಬಂದಿದೆ. 2000ದಿಂದೀಚೆಗಿನ ಕೆಲವು ವರ್ಷ ನಮ್ಮ ಜಿಲ್ಲೆಯಲ್ಲಿಯೂ ಮಲೆನಾಡಿನಲ್ಲಿಯೂ ವೆನಿಲ್ಲಾಕ್ಕೆ ಬಹಳ ಬೆಲೆ ಬಂದಾಗ, ಬೆಳಗಿನ ಹೊತ್ತು ಬಳ್ಳಿಯ ಸಾಲಿನಲ್ಲಿ ನಿಂತು ಒಂದೊಂದೇ ಹೂವನ್ನು ಬಿಡಿಸಿ ಸೋಕಿಸಿದವರು ಹೆಚ್ಚಾಗಿ ಹೆಂಗಸರೂ ಹುಡುಗಿಯರೂ ಆಗಿದ್ದರು. ಇದನ್ನು ಓದುವವರಲ್ಲಿಯೂ ಕೆಲವರು ಆ ಕೆಲಸ ಮಾಡಿರಬಹುದು. ವೆನಿಲ್ಲಾದ ಬೆಲೆ ಏರಿದ್ದಾಗ ಆ ಕೂಲಿಯು ಹುಟ್ಟಿತು. ಬೆಲೆ ಇಳಿದೊಡನೆ ಬಳ್ಳಿಯನ್ನೇ ಕೈಬಿಟ್ಟರು. ಸೌತೆಕಾಯಿಗೆ, ಕುಂಬಳಕ್ಕೆ, ಸೂರ್ಯಕಾಂತಿಯ ತೆನೆಯಲ್ಲಿರುವ ನೂರಾರು ಹೂಗಳಿಗೆ ಹಾಗೆ ಮಾಡಿದರೆ ಕೂಲಿ ಹುಟ್ಟುವುದೇ? ಜೇನು ಕೇಳುವ ಕೂಲಿ ಸ್ವಲ್ಪ ಮಕರಂದವಷ್ಟೇ.

ಹಾಗಿರಲು ಈ ಹುಳಗಳು ಕಡಿಮೆಯಾದುದು ಹೇಗೆ? ಇದಕ್ಕೆ ನಾವು ಕಣ್ಣಾರೆ ಕಂಡ ಒಂದು ಸಂಗತಿಯಿಂದ ಉತ್ತರವನ್ನು ಆರಂಭಿಸುವೆವು. ನಾವು ಸುಳ್ಯದ ಕಡೆಯ ಒಂದು ಹಳ್ಳಿಯಲ್ಲಿ ಬೆಳೆದೆವು. ನಮ್ಮ ತಂದೆಯವರು ಅಡಿಕೆ ತೋಟದ ಅಂಚಿನಲ್ಲಿ ತುಡುವೆಯ ಹನ್ನೊಂದು ಪೆಟ್ಟಿಗೆಗಳನ್ನು ಇಟ್ಟಿದ್ದರು. ನಮ್ಮ ಶಾಲೆಯ ಫೀಸೂ ಪುಸ್ತಕದ ಖರ್ಚೂ ಬಹುಪಾಲು ಆ ತುಪ್ಪದಿಂದಲೇ ಸಾಗುತ್ತಿದ್ದುವು. 1992ರಲ್ಲಿ ನಾವು ಹತ್ತು ಹನ್ನೊಂದು ವರ್ಷದ ಹುಡುಗಿಯಾಗಿದ್ದಾಗ, ಒಂದು ದಿನ ತಂದೆಯವರು ಪೆಟ್ಟಿಗೆಯ ಮುಚ್ಚಳವನ್ನು ತೆಗೆದು ಒಂದು ಎರಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಸುಮ್ಮನೆ ನಿಂತರು. ಕಣಗಳಲ್ಲಿ ಮರಿಗಳು ಸುರುಳಿಯಾಗಿ ಮಲಗಿರುವ ಬದಲು ನೆಟ್ಟಗೆ ಚಾಚಿಕೊಂಡು, ದೋಣಿಯ ಮೂತಿಯಂತೆ ತಲೆಯೆತ್ತಿ ಸತ್ತಿದ್ದುವು. ಕಡ್ಡಿಯಿಂದ ಒಂದನ್ನು ಎತ್ತಿದರೆ ನೀರು ತುಂಬಿದ ಚೀಲದಂತೆ ಜೋತುಬಿತ್ತು. ಕೆಲವು ವಾರಗಳೊಳಗೆ ಹನ್ನೊಂದು ಪೆಟ್ಟಿಗೆಗಳೂ ಬರಿದಾದುವು. ತಂದೆಯವರು, “ಮಗಾ, ಪೆಟ್ಟಿಗೆಗಳನ್ನು ತೊಳೆದು ಬಿಸಿಲಿಗಿಡು, ಮುಂದಿನ ವರ್ಷ ನೋಡುವ” ಎಂದರು. ಮುಂದಿನ ವರ್ಷ ಹಿಡಿದು ತರಲು ಕಾಡಿನ ಪೊಟರೆಗಳಲ್ಲಿಯೂ ಜೇನು ಸಿಕ್ಕಲಿಲ್ಲ. ಆ ವರ್ಷದ ಫೀಸಿಗೆ ಅಮ್ಮನ ಎರಡು ಬಳೆಗಳು ಹೋದುವು.

ಆಗ ನಮ್ಮ ಊರಿನವರು ಇದನ್ನು ತಮ್ಮ ತೋಟಕ್ಕೆ ತಗಲಿದ ದೃಷ್ಟಿಯೆಂದು ತಿಳಿದರು. ಆದರೆ ಅದೇ ಕಾಲದಲ್ಲಿ ಕೊಡಗಿನಲ್ಲಿ, ಕೇರಳದಲ್ಲಿ, ತಮಿಳುನಾಡಿನಲ್ಲಿ ಮನೆಮನೆಯ ಪೆಟ್ಟಿಗೆಗಳು ಬರಿದಾಗುತ್ತಿದ್ದುವು. ಅದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ. ಮೊದಲು 1976ರಲ್ಲಿ ಥಾಯ್ಲೆಂಡಿನಲ್ಲಿ ಕಾಣಿಸಿಕೊಂಡ ಈ ರೋಗವು ಕೆಲವು ವರ್ಷಗಳಲ್ಲಿ ನಮ್ಮ ದೇಶದ ಈಶಾನ್ಯ ಭಾಗವನ್ನು ಮುಟ್ಟಿ, 1991-92ರಲ್ಲಿ ದಕ್ಷಿಣಕ್ಕೆ ಬಂದು, ಇಲ್ಲಿಯ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತಲೂ ಹೆಚ್ಚನ್ನು ನಾಶಮಾಡಿತು.

ಅದು ಕೊಲ್ಲುವ ವಿಧಾನವನ್ನು ತಿಳಿಯುವುದು ಉಪಯುಕ್ತ. ಮರಿಯು ನೊಣವಾಗುವ ಮುಂಚೆ ತನ್ನ ಚರ್ಮವನ್ನು ಹಲವು ಸಲ ಕಳಚಬೇಕು. ರೋಗ ಹಿಡಿದ ಮರಿಯು ಕಡೆಯ ಸಲ ಚರ್ಮವನ್ನು ಕಳಚಲಾರದು. ಹಳೆಯ ಚರ್ಮದ ಒಳಗೆ ನೀರು ತುಂಬಿ ಮರಿಯು ಚೀಲದಂತಾಗಿ ಸಾಯುತ್ತದೆ. ಆಗ ಗೂಡನ್ನು ಶುಚಿಮಾಡುವ ಎಳೆಯ ನೊಣಗಳು ಸತ್ತ ಮರಿಯನ್ನು ಎಳೆದುಹಾಕುವಾಗ ಆ ನೀರು ಅವುಗಳ ಬಾಯಿಗೆ ತಗಲುತ್ತದೆ. ಅದೇ ನೊಣಗಳೇ ದಾದಿಯರಾಗಿ ಬೇರೆ ಮರಿಗಳಿಗೆ ಉಣಿಸುವಾಗ ಆಹಾರದೊಡನೆ ರೋಗವನ್ನೂ ಉಣಿಸುತ್ತವೆ. ಹುಟ್ಟುವವರಿಲ್ಲದೆ, ಮುದಿಯಾದವು ಸತ್ತು, ಉಳಿದವು ಗೂಡನ್ನು ಬಿಟ್ಟು ಹೋಗುತ್ತವೆ. ಈ ರೋಗಕ್ಕೆ ಔಷಧವಿಲ್ಲ. ಪೆಟ್ಟಿಗೆಗಳನ್ನು ಊರಿಂದೂರಿಗೆ ಸಾಗಿಸುವುದು, ಒಂದರ ಎರಿಯನ್ನು ಇನ್ನೊಂದಕ್ಕೆ ಕೊಡುವುದು, ದುರ್ಬಲವಾದ ಗೂಡನ್ನು ಪಕ್ಕದ ಗೂಡಿನವು ದೋಚುವುದು, ಇವುಗಳಿಂದ ಅದು ಹರಡುತ್ತದೆ.

ಈಗ ನಾವು ಸುಡಿಸಿದ ಹೆಜ್ಜೇನಿಗೆ ಮರಳೋಣ. ತುಡುವೆಯ ಕುಲವು ಹೀಗೆ ಮುರಿದುಬಿದ್ದ ಆ ವರ್ಷಗಳಲ್ಲಿ ನಮ್ಮ ತೋಟಗಳು ಬರಿದಾಗಲಿಲ್ಲ. ಅದೇಕೆ? ಆ ಮಾರಿಯು ತುಡುವೆಯನ್ನು ನಾಶಮಾಡಿದಂತೆ ಹೆಜ್ಜೇನನ್ನು ನಾಶಮಾಡಲಿಲ್ಲ. ಕಾಫಿಯ ಹೂವಿಗೂ ಏಲಕ್ಕಿಯ ಹೂವಿಗೂ ಬರುವವರಲ್ಲಿ ಹೆಜ್ಜೇನು ಪ್ರಮುಖವಾದುದು. ಕೋಲುಜೇನೂ ಮೊಜಂಟಿಯೂ ಉಳಿದವು. ಯಾರೂ ಸಾಕದ, ಯಾರ ಲೆಕ್ಕದಲ್ಲಿಯೂ ಇಲ್ಲದ ಈ ಕಾಡುಹುಳಗಳು ತಮ್ಮ ಕೆಲಸವನ್ನು ನಡೆಸುತ್ತಲೇ ಇದ್ದುವು. ಒಂದು ಜಾತಿಯು ಬಿದ್ದಾಗ ಇನ್ನೊಂದು ನಿಂತಿರುವುದೇ ಬೇಸಾಯದ ಭದ್ರತೆ. ಈ ಪಾಠವು ಇತಿಹಾಸದಲ್ಲಿ ನಡೆದುಹೋಗಿ ಮುಗಿದದ್ದಲ್ಲ. ಆ ರೋಗವು ಅಷ್ಟು ಉಗ್ರವಾಗಿ ಅಲ್ಲದಿದ್ದರೂ ಆಗಾಗ ಮರಳಿ ಕಾಣಿಸಿಕೊಂಡಿದೆ.

ರೋಗವೊಂದೇ ಶತ್ರುವಲ್ಲ. ಕಾಡು ಕಡಿದು ಒಂದೇ ಜಾತಿಯ ಗಿಡವನ್ನು ಗುಡ್ಡವೆಲ್ಲ ನೆಟ್ಟರೆ ಜೇನಿಗೆ ಒಂದು ತಿಂಗಳು ಔತಣ, ಹನ್ನೊಂದು ತಿಂಗಳು ಉಪವಾಸ. ನಮ್ಮ ಜಿಲ್ಲೆಯಲ್ಲಿ ರಬ್ಬರ್ ಮರವು ಹೊಸ ಎಲೆ ಬಿಡುವ ಕಾಲದಲ್ಲಿ ಎಲೆಯ ತೊಟ್ಟಿನಲ್ಲಿ ಮಕರಂದವನ್ನು ಕೊಡುವುದರಿಂದ ತುಪ್ಪವು ಹೇರಳ; ಆಷಾಢದ ಮಳೆಯಲ್ಲಿಯಾದರೋ ಸಾಕುವವರು ಸಕ್ಕರೆಯ ಪಾಕವನ್ನಿಟ್ಟು ಜೀವ ಉಳಿಸಬೇಕು. ನೇರಳೆ, ಮತ್ತಿ, ಹೊಂಗೆ, ಅಂಟುವಾಳಗಳಿದ್ದ ಬೇಲಿ ಬೆಟ್ಟಗಳು ಇಲ್ಲದಲ್ಲಿ ಕಾಡುಹುಳಕ್ಕೆ ಪಾಕವಿಡುವವರು ಯಾರು?

ಇನ್ನು ಕೀಟನಾಶಕಗಳು. ಹೂವಿನ ಕಾಲದಲ್ಲಿ, ಅದರಲ್ಲಿಯೂ ಬೆಳಗಿನ ಹೊತ್ತು ಸಿಂಪಡಿಸಿದ ವಿಷವು ಬೆಳೆಯ ಶತ್ರುವಿಗಿಂತ ಮೊದಲು ಬೆಳೆಯ ಮಿತ್ರನನ್ನು ಕೊಲ್ಲಬಹುದು. ಕೆಲವು ಔಷಧಗಳು ಕೂಡಲೇ ಕೊಲ್ಲದೆ ನೊಣದ ದಿಕ್ಕನ್ನು ತಪ್ಪಿಸುತ್ತವೆ. ಅದು ಮನೆಗೆ ಮರಳಲಾರದು. ನಿಯೋನಿಕೊಟಿನಾಯ್ಡ್ ಎಂಬ ವರ್ಗದ ಮೂರು ಔಷಧಗಳನ್ನು ಬಯಲಿನಲ್ಲಿ ಬಳಸಬಾರದೆಂದು ಯುರೋಪಿನ ಒಕ್ಕೂಟವು 2018ರಲ್ಲಿ ನಿಷೇಧಿಸಿತು. ಅದಕ್ಕೂ ಮೊದಲು 2006ರ ಚಳಿಗಾಲದಲ್ಲಿ ಅಮೆರಿಕೆಯ ಜೇನುಸಾಕಣೆಗಾರರು ಪೆಟ್ಟಿಗೆಗಳನ್ನು ತೆರೆದಾಗ, ರಾಣಿಯೂ ಮರಿಗಳೂ ಇದ್ದು ಕೆಲಸಗಾರ ನೊಣಗಳು ಮಾತ್ರ ಮಾಯವಾಗಿರುವುದನ್ನು ಕಂಡು ಬೆರಗಾದರು. ಅದಕ್ಕೆ ಒಂದೇ ಕಾರಣವು ಸಿಕ್ಕಲಿಲ್ಲ. ಉಣ್ಣಿ, ವೈರಸ್, ವಿಷ, ಹಸಿವು ಎಲ್ಲ ಕೂಡಿ ಮಾಡಿದ ಕೆಲಸವೆಂದು ಬಲ್ಲವರು ಹೇಳುತ್ತಾರೆ. ಆ ಉಣ್ಣಿಯೂ ಮೂಲದಲ್ಲಿ ಏಷ್ಯದ ತುಡುವೆಯ ಮೇಲಿದ್ದದ್ದು. ತುಡುವೆಯು ಅದನ್ನು ಮೈಯಿಂದ ಕೊಡವಿಹಾಕಲು ಬಲ್ಲುದು. ಯುರೋಪಿನ ಜೇನು ಅರಿಯದು. ಹುಳಗಳನ್ನು ದೇಶದಿಂದ ದೇಶಕ್ಕೆ ಸಾಗಿಸಿದಾಗ ಅವುಗಳ ರೋಗಗಳನ್ನೂ ಸಾಗಿಸುತ್ತೇವೆಂಬುದಕ್ಕೆ ಇದು ನಿದರ್ಶನ.

ಇಷ್ಟೆಲ್ಲ ಹೇಳಿ ನಿರಾಶೆಯಲ್ಲಿ ಮುಗಿಸುವುದು ಸರಿಯಲ್ಲ. 1992ರ ಬಳಿಕ ತುಡುವೆಯು ಮರಳಿ ಬಂತು. ಹೊರಗಿಂದ ತಂದದ್ದಲ್ಲ, ರೋಗವನ್ನು ತಾಳಿಕೊಂಡು ಅಲ್ಲಲ್ಲಿ ಉಳಿದ ಕೆಲವು ಕುಟುಂಬಗಳೇ ಪಾಲಾಗಿ ಪಾಲಾಗಿ ಮೆಲ್ಲನೆ ಹೆಚ್ಚಿದುವು. ನಮ್ಮ ತಂದೆಯವರು ಬಿಸಿಲಿಗಿಟ್ಟ ಪೆಟ್ಟಿಗೆಗಳಲ್ಲಿ ಒಂದಕ್ಕೆ ಆರನೆಯ ವರ್ಷದಲ್ಲಿ ತಾನಾಗಿಯೇ ಒಂದು ಹಿಂಡು ಬಂದು ಸೇರಿತು. ಆಗ ನಾವು ಹೈಸ್ಕೂಲನ್ನು ಮುಗಿಸಿದ್ದೆವು. ಕಾಡಿನಲ್ಲಿ ಉಳಿದವುಗಳಿಲ್ಲದಿದ್ದರೆ ಪೆಟ್ಟಿಗೆಗೆ ಬರುವವರು ಎಲ್ಲಿಂದ ಬರಬೇಕಾಗಿತ್ತು?

ಪೆಟ್ಟಿಗೆಯ ವಿಷಯದಲ್ಲಿ ಒಂದು ಮಾತು ನಮ್ಮ ಓದುಗರಿಗೆ ಪ್ರಿಯವಾದೀತು. ಹಿಂದಿನವರು ತುಪ್ಪಕ್ಕಾಗಿ ಎರಿಯನ್ನು ಮರಿಗಳ ಸಹಿತ ಹಿಂಡುತ್ತಿದ್ದರು. ಅಮೆರಿಕೆಯ ಲಾರೆಂಜೊ ಲ್ಯಾಂಗ್‌ಸ್ಟ್ರೋತ್ ಎಂಬ ಪಾದ್ರಿಯವರು, ಜೇನುಗಳು ತಮ್ಮ ಓಡಾಟಕ್ಕೆ ಅಂಗುಲದ ಸುಮಾರು ಮೂರನೆಯ ಒಂದು ಪಾಲಿನಷ್ಟು ಸಂದನ್ನು ಮೇಣದಿಂದ ಮುಚ್ಚದೆ ಬಿಡುತ್ತವೆಂಬುದನ್ನು 1851ರಲ್ಲಿ ಗ್ರಹಿಸಿ, ಒಂದೊಂದಾಗಿ ಹೊರತೆಗೆಯಬಹುದಾದ ಚೌಕಟ್ಟುಗಳ ಪೆಟ್ಟಿಗೆಯನ್ನು ಮಾಡಿದರು. ಅಂದಿನಿಂದ ಮರಿಯನ್ನು ಕೊಲ್ಲದೆ ತುಪ್ಪವನ್ನು ತೆಗೆಯುವುದು ಸಾಧ್ಯವಾಯಿತು. ಆ ಮಹನೀಯರು ಹೆಣ್ಣುಮಕ್ಕಳ ಶಾಲೆಗಳ ಮುಖ್ಯೋಪಾಧ್ಯಾಯರಾಗಿಯೂ ಇದ್ದವರು. ದಕ್ಷಿಣ ಭಾರತದಲ್ಲಿ 1911ರಿಂದ 1917ರ ಸುಮಾರಿಗೆ ತಿರುಚಿನಾಪಳ್ಳಿಯ ಕಡೆ ನ್ಯೂಟನ್ ಎಂಬ ಪಾದ್ರಿಯವರು ಅದೇ ತತ್ತ್ವದಿಂದ ನಮ್ಮ ಚಿಕ್ಕ ತುಡುವೆಗೆ ಹೊಂದುವ ಚಿಕ್ಕ ಪೆಟ್ಟಿಗೆಯನ್ನು ಸಿದ್ಧಪಡಿಸಿ ಹಳ್ಳಿಗರಿಗೆ ಕಲಿಸಿದರು. ನಮ್ಮ ತಂದೆಯವರ ಹನ್ನೊಂದು ಪೆಟ್ಟಿಗೆಗಳೂ ಆ ಮಾದರಿಯವೇ.

ಈಗ ಕಾರ್ಯದ ಮಾತು. ಗೃಹಿಣಿಯರಾದ ಹಳೆವಿದ್ಯಾರ್ಥಿನಿಯರು ಮಾಡಬಹುದಾದುದು ಇಷ್ಟು: ಹಿತ್ತಲಿನ ಒಂದು ಮೂಲೆಯನ್ನು ತುಳಸಿ, ತುಂಬೆ, ನಾಚಿಕೆಮುಳ್ಳುಗಳಿಗೆ ಬಿಡಿರಿ, ಬೇಲಿಯಲ್ಲಿ ಹೊಂಗೆಯನ್ನೋ ಅಂಟುವಾಳವನ್ನೋ ಉಳಿಸಿರಿ. ಔಷಧ ಹೊಡೆಯಲೇಬೇಕಾದರೆ ಹೂವಿನ ಕಾಲವನ್ನು ತಪ್ಪಿಸಿ, ಸಂಜೆ ಹುಳಗಳು ಗೂಡು ಸೇರಿದ ಮೇಲೆ ಹೊಡೆಯಿಸಿರಿ. ನೆರೆಯವರು ಜೇನು ಸಾಕಿದ್ದರೆ ಮುಂಚೆ ತಿಳಿಸಿರಿ. ಗೋಡೆಯ ಬಿರುಕಿನ ಮೊಜಂಟಿಯನ್ನು ಸಿಮೆಂಟಿನಿಂದ ಮುಚ್ಚಬೇಡಿರಿ. ತುಪ್ಪ ಕೊಳ್ಳುವಾಗ ಎರಿಯನ್ನು ಹಿಂಡಿದ ತುಪ್ಪಕ್ಕಿಂತ ಪೆಟ್ಟಿಗೆಯಿಂದ ತೆಗೆದುದನ್ನು ಕೊಳ್ಳಿರಿ.

ಪೋಷಕರ ಭಯವನ್ನು ನಾವು ಹಗುರಾಗಿ ಎಣಿಸುವುದಿಲ್ಲ. ಹೆಜ್ಜೇನು ಕೆರಳಿದರೆ ಪ್ರಾಣಾಪಾಯವುಂಟು. ಹೊಗೆ, ಕಲ್ಲೇಟು, ಹದ್ದಿನ ದಾಳಿ, ಇವು ಅದನ್ನು ಕೆರಳಿಸುತ್ತವೆ. ಸುಮ್ಮನಿರುವವರ ಮೇಲೆ ಅದು ಸಾಮಾನ್ಯವಾಗಿ ಬೀಳುವುದಿಲ್ಲ. ಆದುದರಿಂದ ನಾವು ಗೋಪುರದ ಬುಡಕ್ಕೆ ಬೇಲಿ ಹಾಕಿಸಿದೆವು. ಪ್ರಾರ್ಥನೆಯ ಸಾಲನ್ನು ಹಿಂದಿನ ಅಂಗಳಕ್ಕೆ ಬದಲಾಯಿಸಿದೆವು. ಆ ದೊಡ್ಡ ಗಂಟೆಯನ್ನು ನಿಲ್ಲಿಸಿ ಕೈಗಂಟೆಯನ್ನು ಬಾರಿಸಿದೆವು. ಹುಳ ಎದ್ದರೆ ಕೈಬೀಸದೆ ಮುಖ ಮುಚ್ಚಿಕೊಂಡು ಕೋಣೆಗೆ ಓಡಿ ಬಾಗಿ��ು ಹಾಕಿಕೊಳ್ಳಬೇಕೆಂದೂ, ಕಡಿದ ಮುಳ್ಳನ್ನು ತಡಮಾಡದೆ ಕೆರೆದು ತೆಗೆಯಬೇಕೆಂದೂ, ಬಹಳ ಹುಳಗಳು ಕಡಿದರೆ ಅಥವಾ ಉಸಿರು ಕಟ್ಟಿದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕೆಂದೂ ಮಕ್ಕಳಿಗೂ ಉಪಾಧ್ಯಾಯಿನಿಯರಿಗೂ ಅಭ್ಯಾಸ ಮಾಡಿಸಿದೆವು. ಮಕ್ಕಳು ಕುಳಿತುಕೊಳ್ಳುವ ಕಿಟಕಿಗೇ ಅದು ಕಟ್ಟಿದ್ದರೆ ಬಲ್ಲವರನ್ನು ಕರೆಸಿ, ಸುಡದೆ ಎಬ್ಬಿಸುತ್ತಿದ್ದೆವು. ಏಕೆಂದರೆ ಮಗುವಿನ ಪ್ರಾಣವು ಮೊದಲು. ಗೋಪುರದ ಸೂರಿಗೆ ಹಾಗೆ ಮಾಡುವ ಆವಶ್ಯಕತೆ ಬೀಳಲಿಲ್ಲ.

ಹೆಜ್ಜೇನು ಅಲೆಮಾರಿ, ಹೂವಿನ ಕಾಲಕ್ಕೆ ಬಂದು ಮಳೆಗಾಲದ ಮೊದಲು ಹೋಗುವುದು, ಎಷ್ಟೋ ಸಲ ಮರುವರ್ಷ ಅದೇ ಸ್ಥಳಕ್ಕೆ ಮರಳುವುದು. ನಮ್ಮದು ಮೇ ತಿಂಗಳ ಕಡೆಯ ವಾರ, ರಜೆಯಲ್ಲಿ, ಯಾರಿಗೂ ಒಂದು ಮುಳ್ಳನ್ನೂ ನಾಟದೆ ಎದ್ದುಹೋಯಿತು. ಬರಿದಾದ ಎರಿಯನ್ನು ಇಳಿಸಿ ಪ್ರಯೋಗಶಾಲೆಯ ಕಪಾಟಿನಲ್ಲಿ ಇಟ್ಟಿದ್ದೇವೆ. ವಾರ್ಷಿಕೋತ್ಸವಕ್ಕೆ ಬರುವವರು ನೋಡಬಹುದು. ಅಂದು ಕೆನ್ನೆ ಬಾತಿದ್ದ ಹುಡುಗಿಯು ಈಗ ನಮ್ಮ ಹಳೆವಿದ್ಯಾರ್ಥಿನಿಯರಲ್ಲಿ ಒಬ್ಬಳು. ಆಕೆ ಕೇಳಿದ ಪ್ರಶ್ನೆಗೆ ನಾವು ಈ ಪುಟಗಳಲ್ಲಿ ತಡವಾಗಿ ಉತ್ತರ ಕೊಟ್ಟಿದ್ದೇವೆ. ಆಕೆಯೂ ತಾವೂ ಅದನ್ನು ಸ್ವೀಕರಿಸಬೇಕೆಂದು ಬೇಡುತ್ತೇವೆ. ಬರುವ ಜನವರಿಯಲ್ಲಿ ಗೋಪುರದ ಬುಡಕ್ಕೆ ಮತ್ತೆ ಬೇಲಿ ಹಾಕಿಸಬೇಕಾಗಿ ಬಂದರೆ, ಮನವಿಗೆ ಸಹಿಮಾಡಿದ ಪೋಷಕರೇ ಗೂಟ ಹಿಡಿಯಲು ಬರುವರೆಂಬ ಭರವಸೆ ನಮಗುಂಟು.